ಸಿ2 ಅಂದ್ರೆ ಎಷ್ಟು ಅಪಾಯ?

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆಲ್ಲ ಐದು ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಇರುತ್ತೆ. ಪರೀಕ್ಷೆಗೆ ಕೂರೋದು ಮನೆ, ಫೀಸು ಕಟ್ಟೋದು ಮಾಲೀಕರು. ಹೆಸರು ಇಐಸಿಆರ್, ಅಂದರೆ ಎಲೆಕ್ಟ್ರಿಕಲ್ ಇನ್‌ಸ್ಟಲೇಷನ್ ಕಂಡೀಷನ್ ರಿಪೋರ್ಟ್. ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಮೇನ್ ಆಫ್ ಮಾಡಿ, ಫ್ಯೂಸ್ ಬೋರ್ಡು ಬಿಚ್ಚಿ, ಕೆಲವು ಸಾಕೆಟ್ಟು ಸ್ವಿಚ್ಚುಗಳನ್ನು ಕಳಚಿ ನೋಡಿ, ಮೀಟರ್ ಹಚ್ಚಿ ಅಳತೆ ತಗೊಂಡು ಹೋಗ್ತಾರೆ. ಎರಡು ದಿನ ಬಿಟ್ಟು ಪಿಡಿಎಫ್ ಬರುತ್ತೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳೋದು ಒಂದೇ ಪದ: ಸ್ಯಾಟಿಸ್‌ಫ್ಯಾಕ್ಟರಿ, ಇಲ್ಲಾ ಅನ್‌ಸ್ಯಾಟಿಸ್‌ಫ್ಯಾಕ್ಟರಿ. ಪಾಸು, ಇಲ್ಲಾ ಫೇಲು.

2016ರ ಹೌಸಿಂಗ್ ಅಂಡ್ ಪ್ಲಾನಿಂಗ್ ಆಕ್ಟ್ ಇದಕ್ಕೆ ದಾರಿ ಮಾಡಿಕೊಟ್ಟಿತು, ನಿಯಮ ಬಂದದ್ದು 2020ರಲ್ಲಿ. ಹೊಸ ಬಾಡಿಗೆ ಕರಾರುಗಳಿಗೆ 2020ರ ಜುಲೈ 1ರಿಂದ, ಆಗಲೇ ಬಾಡಿಗೆದಾರರಿದ್ದ ಮನೆಗಳಿಗೆ 2021ರ ಏಪ್ರಿಲ್ 1ರಿಂದ ಅನ್ವಯ ಆಯ್ತು. ರಿಪೋರ್ಟಿನ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ಕೌನ್ಸಿಲ್ ಕೇಳಿದರೆ ಏಳು ದಿನದೊಳಗೆ ಅವರಿಗೂ ಕೊಡಬೇಕು. ಫೇಲಾದರೆ 28 ದಿನದೊಳಗೆ ರಿಪೇರಿ ಮಾಡಿಸಬೇಕು, ರಿಪೋರ್ಟಿನಲ್ಲೇ ಅದಕ್ಕಿಂತ ಕಡಿಮೆ ಗಡುವು ಬರೆದಿದ್ದರೆ ಅಷ್ಟರೊಳಗೆ. ಮಾಡಿಸದಿದ್ದರೆ 2020ರ ನಿಯಮ ಇಟ್ಟ ಗರಿಷ್ಠ ದಂಡ 30,000 ಪೌಂಡ್. ಬೆಂಗಳೂರಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟು, ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಮೂರು ಮನೆ ಬದಲಾಯಿಸಿದ ನನ್ನನ್ನು ಯಾವ ಓನರ್ರೂ ಕೂರಿಸಿಕೊಂಡು "ಇದು ನೋಡಮ್ಮ, ಮನೆಯ ಅರ್ಥಿಂಗ್ ರಿಪೋರ್ಟು" ಅಂದಿರಲಿಲ್ಲ. ಹಾಗಾಗಿ ಈ ನಿಯಮದ ಮೇಲೆ ನನಗೆ ಗೌರವವೇ ಇದೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದೆಲ್ಲ ಒಂದು ರಿಪೋರ್ಟಿನ ಜೊತೆ ಜಗಳ ಆಡಿದ ಕಥೆ.

ಆ ರಿಪೋರ್ಟಿನ ಜೀವ ಇರೋದು ನಾಲ್ಕು ಕೋಡುಗಳಲ್ಲಿ. ಸಿ1 ಅಂದರೆ ಅಪಾಯ ಈಗಲೇ ಇದೆ: ಬಾಯಿ ತೆರೆದ ಬೋರ್ಡು, ಕೈಗೆ ತಾಗೋ ಹಾಗಿರುವ ಲೈವ್ ತಂತಿ. ಸಿ2 ಅಂದರೆ ಇವತ್ತು ಏನೂ ಆಗದಿರಬಹುದು, ಆದರೆ ಇನ್ನೊಂದು ಕೆಟ್ಟರೆ ಅಪಾಯ ಆಗುತ್ತೆ. ಸಿ3 ಅಂದರೆ ಸುಧಾರಿಸಿದರೆ ಒಳ್ಳೇದು. ಎಫ್‌ಐ ಅಂದರೆ ಇನ್ನೂ ತನಿಖೆ ಬೇಕು. ಸಿ1, ಸಿ2, ಎಫ್‌ಐ ಇವುಗಳಲ್ಲಿ ಒಂದೇ ಒಂದು ಇದ್ದರೂ ಮನೆ ಫೇಲ್. ಸಿ3 ಹತ್ತಿದ್ದರೂ ಪಾಸ್. ಅಂದರೆ ಸಿ2 ಮತ್ತು ಸಿ3 ನಡುವೆ ಇರೋದು ಒಂದು ಅಂಕಿಯ ವ್ಯತ್ಯಾಸ ಮಾತ್ರ ಅಲ್ಲ. ಒಂದು ಕಡೆ "ಯಾವಾಗಲಾದ್ರೂ ನೋಡೋಣ", ಇನ್ನೊಂದು ಕಡೆ ಕಾನೂನು, ಗಡುವು, ದಂಡ.

ನಾನು ಸಾಫ್ಟ್‌ವೇರ್ ಟೆಸ್ಟರ್. ಬಗ್ ಸಿಕ್ಕಾಗ ಅದಕ್ಕೆ ಸೆವಿರಿಟಿ ಹಾಕೋದು ನನ್ನ ದಿನನಿತ್ಯದ ಕೆಲಸ. ಎಲ್ಲ ಬಗ್ಗೂ ಕ್ರಿಟಿಕಲ್ ಅಂತ ಹಾಕುವ ಟೆಸ್ಟರ್ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಆರನೇ ತಿಂಗಳಿಗೆ ಆ ಪದಕ್ಕೆ ಬೆಲೆಯೇ ಉಳಿದಿರಲ್ಲ.

ನನ್ನದು ಮಿಲ್ಟನ್ ಕೀನ್ಸ್‌ನಲ್ಲಿ ಒಂದು ಎರಡು ಬೆಡ್‌ರೂಮಿನ ಮನೆ. ತೊಂಬತ್ತರ ದಶಕದಲ್ಲಿ ಕಟ್ಟಿದ್ದು, ಸಾಲು ಮನೆಗಳಲ್ಲಿ ಒಂದು. ಹಿಂದೆ ಅಂಗೈಯಗಲ ತೋಟ. ಸಾಲ ಮಾಡಿ ತಗೊಂಡು ಎರಡು ವರ್ಷ ಅಲ್ಲೇ ಇದ್ದೆ. ಆಮೇಲೆ ಕೆಲಸ ಲೀಡ್ಸ್‌ಗೆ ಬದಲಾಯ್ತು, ಮನೆ ಬಾಡಿಗೆಗೆ ಹೋಯ್ತು. ಲೀಡ್ಸ್‌ನಲ್ಲಿ ನಾನೂ ಬಾಡಿಗೆದಾರಳೇ. ಈಗ ಆ ಮನೆಯಲ್ಲಿರೋದು ಮಂಗಳೂರು ಕಡೆಯ ಒಂದು ಕುಟುಂಬ. ಆಕೆ ಆಸ್ಪತ್ರೆಯಲ್ಲಿ ನರ್ಸ್, ಗಂಡ ವೇರ್‌ಹೌಸ್ ಒಂದರಲ್ಲಿ ನೈಟ್ ಶಿಫ್ಟ್, ಮೂರು ವರ್ಷದ ಮಗಳು. ಏಜೆಂಟ್ ಮೂಲಕವೇ ಬಂದವರು. ಅಡ್ರೆಸ್ ಪ್ರೂಫಿನಲ್ಲಿ ಊರ ಹೆಸರು ಕಂಡು ಫೋನ್ ಮಾಡಿದ್ದೆ. ಅವತ್ತಿಂದ ನಾನು ಆಕೆಗೆ "ಅಕ್ಕ".

ಈ ಮನೆಯ ಮೊದಲ ಇಐಸಿಆರ್ 2020ರ ಕೊನೆಯಲ್ಲಿ ಆಗಿತ್ತು. ಪಾಸ್, ಜೊತೆಗೆ ಮೂರು ಸಿ3. ಐದು ವರ್ಷ ತುಂಬಿದಾಗ ಏಜೆಂಟ್ ಬೇರೊಂದು ಕಂಪನಿಯನ್ನು ಕಳಿಸಿದ. ನಡುವೆ ಮನೆಯಲ್ಲಿ ಒಂದು ಬಲ್ಬ್ ಹೋಲ್ಡರ್ ಬಿಟ್ಟರೆ ಏನೂ ಬದಲಾಗಿರಲಿಲ್ಲ. ಈ ಸಲ ಬಂದದ್ದು ಅನ್‌ಸ್ಯಾಟಿಸ್‌ಫ್ಯಾಕ್ಟರಿ. ಅದೇ ಮೂರು ಅಂಶಗಳು, ಆದರೆ ಮೂರೂ ಈಗ ಸಿ2. ಪಿಡಿಎಫ್ ಜೊತೆಯಲ್ಲೇ ಅದೇ ಕಂಪನಿಯ ಕೊಟೇಶನ್: ಹೊಸ ಮೆಟಲ್ ಬೋರ್ಡು, ಹೊಸ ಅರ್ಥ್ ವೈರು, ಲೇಬರ್, ಎಲ್ಲ ಸೇರಿ 1,640 ಪೌಂಡ್. "28 ದಿನದ ಗಡುವು ನೆನಪಿರಲಿ" ಅಂತ ಕೆಳಗೆ ದಪ್ಪಕ್ಷರದಲ್ಲಿ.

ಅದೇ ಸಂಜೆ ಆಕೆಯ ಫೋನ್. ಏಜೆಂಟ್ ಆಕೆಗೂ ಪ್ರತಿ ಕಳಿಸಿದ್ದ.

"ಅಕ್ಕ, ಇದು ಎಂಥದು? ಅನ್‌ಸ್ಯಾಟಿಸ್‌ಫ್ಯಾಕ್ಟರಿ ಅಂತ ಉಂಟಲ್ಲ. ಪೊಟೆನ್ಶಿಯಲಿ ಡೇಂಜರಸ್ ಅಂತ ಮೂರು ಕಡೆ ಬರ್ದಿದ್ದಾರೆ. ಮಗು ಇರುವ ಮನೆ, ನಾನು ರಾತ್ರಿ ಡ್ಯೂಟಿಗೆ ಹೋಗುವುದು ಹೇಗೆ?"

ಇಲ್ಲಿ ಇಕ್ಕಟ್ಟು ನೋಡಿ. ಮನೆ ಓನರ್ ಒಬ್ಬಳು ಸೇಫ್ಟಿ ರಿಪೋರ್ಟನ್ನು ಪ್ರಶ್ನೆ ಮಾಡಿದರೆ ಕೇಳುವವರಿಗೆ ಹೇಗೆ ಕಾಣುತ್ತೆ? ದುಡ್ಡು ಉಳಿಸೋಕೆ ಮಾಡ್ತಿದ್ದಾಳೆ ಅಂತಲೇ. ಬಾಡಿಗೆದಾರಳಾಗಿ ನಾನೂ ಹಾಗೇ ಅಂದುಕೊಳ್ತಿದ್ದೆ. 1,640 ಪೌಂಡ್ ನನಗೆ ಸಣ್ಣ ಮೊತ್ತವೂ ಅಲ್ಲ, ಆ ಮನೆಯಿಂದ ಸಾಲದ ಕಂತು ಕಳೆದು ಉಳಿಯೋದರಲ್ಲಿ ಹೆಚ್ಚುಕಮ್ಮಿ ಒಂದು ವರ್ಷದ್ದು. ಆದರೆ ಕೊಟ್ಟುಬಿಟ್ಟರೆ ಆ ಮಗು ಸೇಫಾ? ಅದಕ್ಕೆ ಉತ್ತರ ಪಿಡಿಎಫ್‌ನಲ್ಲಿ ಕಾಣಲಿಲ್ಲ. "ಎರಡು ದಿನ ಟೈಮ್ ಕೊಡು, ನಾನು ಕೇಳೋದೆಲ್ಲ ನಿನಗೂ ಕಾಪಿ ಹಾಕ್ತೀನಿ" ಅಂದೆ.

ಅಪ್ಪ ಹಾಸನದಲ್ಲಿದ್ದಾರೆ. ಕೆಇಬಿ ಕಾಲದಲ್ಲಿ ಲೈನ್‌ಮನ್ ಆಗಿ ಸೇರಿ, ಇಲಾಖೆ ಹೆಸರು ಎರಡು ಸಲ ಬದಲಾಗೋದನ್ನು ನೋಡಿ ರಿಟೈರ್ ಆದವರು. ಭಾನುವಾರದ ವಿಡಿಯೋ ಕಾಲಿನಲ್ಲಿ ರಿಪೋರ್ಟ್ ತೋರಿಸಿದೆ. ಇಂಗ್ಲಿಷ್ ವಾಕ್ಯಗಳನ್ನು ಓದಿ ಹೇಳೋಕೆ ಶುರು ಮಾಡಿದರೆ ಅರ್ಧಕ್ಕೇ ತಡೆದರು.

"ಅವನು ಬರೆದಿದ್ದು ಆಮೇಲೆ ಓದು. ಅಳೆದಿದ್ದು ಎಲ್ಲಿದೆ? ಮೆಗ್ಗರ್ ರೀಡಿಂಗ್ ಎಷ್ಟು ಬಂದಿದೆ?"

ಕೊನೇ ಪುಟಗಳಲ್ಲಿ ಒಂದು ದೊಡ್ಡ ಟೇಬಲ್ ಇರುತ್ತೆ, ಯಾರೂ ಓದದೇ ಇರೋದು. ಪ್ರತಿ ಸರ್ಕ್ಯೂಟಿಗೆ ಒಂದು ಸಾಲು. ಮೆಗ್ಗರ್ ಅಂದರೆ ಇನ್ಸುಲೇಷನ್ ರೆಸಿಸ್ಟೆನ್ಸ್, ಅಂದರೆ ತಂತಿಯ ಹೊದಿಕೆ ಎಷ್ಟು ಗಟ್ಟಿ ಇದೆ ಅನ್ನೋದರ ಅಳತೆ. 500 ವೋಲ್ಟ್ ಡಿಸಿ ಹಚ್ಚಿ ನೋಡ್ತಾರೆ, ಕನಿಷ್ಠ 1 ಮೆಗಾ ಓಮ್ ಇರಬೇಕು. ನಮ್ಮ ಮನೆಯ ಎಲ್ಲ ಸಾಲಿನಲ್ಲೂ 200ಕ್ಕಿಂತ ಹೆಚ್ಚು ಅಂತ ಇತ್ತು. ಕೆಳಗಿನ ಸಾಕೆಟ್ಟುಗಳ ಅರ್ಥ್ ಲೂಪ್ 0.58 ಓಮ್, ಅಲ್ಲಿರುವ 32 ಆಂಪಿಯರ್ ಬಿ ಟೈಪ್ ಎಂಸಿಬಿಗೆ ಮಿತಿ 1.37. ಆರ್‌ಸಿಡಿ, ಅಂದರೆ ನಮ್ಮಲ್ಲಿ ಆರ್‌ಸಿಸಿಬಿ ಅಂತೀವಲ್ಲ, ಕರೆಂಟು ಅರ್ಥಿಗೆ ಸೋರಿದರೆ ಟಕ್ಕಂತ ಬೀಳೋದು, ಅದು 30 ಮಿಲಿ ಆಂಪಿಯರಿಗೆ 21 ಮಿಲಿ ಸೆಕೆಂಡಿನಲ್ಲಿ ಬಿದ್ದಿತ್ತು. ಮಿತಿ 300. ಅಪ್ಪ ಒಂದೊಂದಕ್ಕೂ "ಹೂಂ" ಅಂದರು. "ವೈರಿಂಗ್ ಚೆನ್ನಾಗೇ ಇದೆಯಲ್ಲಮ್ಮ. ಮತ್ತೆ ಫೇಲ್ ಯಾಕೆ?"

ಆ ಮೂರು ಅಂಶಗಳನ್ನ ಹೇಳಿದೆ.

ಒಂದು, ಬೋರ್ಡು ಪ್ಲಾಸ್ಟಿಕ್. ಬ್ರಿಟನ್ನಿನ ವೈರಿಂಗ್ ನಿಯಮಗಳ ಪುಸ್ತಕ ಬಿಎಸ್ 7671. ಅದರ ವಂಶಾವಳಿ 1882ರವರೆಗೆ ಹೋಗುತ್ತೆ, ವಿದ್ಯುತ್ ದೀಪದಿಂದ ಬೆಂಕಿ ಬೀಳದಂತೆ ಆ ವರ್ಷ ಬರೆದ ನಿಯಮಗಳೇ ಅದರ ಮೂಲ. 2015ರಲ್ಲಿ ಬಂದ ತಿದ್ದುಪಡಿ ಪ್ರಕಾರ, 2016ರ ಜನವರಿಯಿಂದ ಮನೆಗಳಿಗೆ ಹೊಸದಾಗಿ ಹಾಕುವ ಬೋರ್ಡಿನ ಡಬ್ಬ ಬೆಂಕಿ ಹತ್ತದ ವಸ್ತುವಿನದ್ದಾಗಿರಬೇಕು, ಅಂದರೆ ಸಾಮಾನ್ಯವಾಗಿ ಉಕ್ಕು. ಕಾರಣ ಸರಿಯಾದದ್ದೇ: ಬೋರ್ಡಿನೊಳಗೆ ಲೂಸ್ ಕನೆಕ್ಷನ್ ಬಿಸಿಯಾಗಿ ಪ್ಲಾಸ್ಟಿಕ್ ಡಬ್ಬಕ್ಕೆ ಬೆಂಕಿ ಹತ್ತಿದ ಪ್ರಕರಣಗಳು. ಆದರೆ ಅದು ಹೊಸ ಕೆಲಸಕ್ಕೆ. ಹಳೇ ಆವೃತ್ತಿಯ ಪ್ರಕಾರ ಮಾಡಿದ ವೈರಿಂಗು ಹೊಸ ಆವೃತ್ತಿಗೆ ಹೊಂದದೇ ಇದ್ದರೆ ಅದರಿಂದಲೇ ಅಪಾಯಕಾರಿ ಆಗಲ್ಲ, ಬದಲಾಯಿಸಲೇಬೇಕು ಅಂತಲೂ ಅಲ್ಲ ಅನ್ನೋ ಅರ್ಥದ ಮಾತು ಆ ಪುಸ್ತಕದಲ್ಲೇ ಇದೆ.

ಎರಡು, ಗ್ಯಾಸ್ ಪೈಪನ್ನು ಅರ್ಥಿಗೆ ಸೇರಿಸುವ ಬಾಂಡಿಂಗ್ ವೈರು 6 ಚದರ ಮಿಲಿಮೀಟರ್. ಈಗಿನ ಲೆಕ್ಕದಲ್ಲಿ ಇಂಥ ಮನೆಗೆ 10 ಹಾಕ್ತಾರೆ. ಮೂರು, ಮೇಲಿನ ಬೆಡ್‌ರೂಮುಗಳ ಸಾಕೆಟ್ಟುಗಳಿಗೆ ಆರ್‌ಸಿಡಿ ರಕ್ಷಣೆ ಇಲ್ಲ. ಕೆಳಗಿನವಕ್ಕೆ ಇದೆ, ಮೇಲಕ್ಕೆ ಇಲ್ಲ. ಆ ಕಾಲದಲ್ಲಿ ತೋಟದಲ್ಲಿ ಬಳಸುವ ಯಂತ್ರಗಳಿಗೆ ಕರೆಂಟ್ ಕೊಡಬಹುದಾದ ಸಾಕೆಟ್ಟುಗಳಿಗೆ ಮಾತ್ರ ಅದನ್ನ ಕೊಡ್ತಿದ್ದರು.

ಎಲೆಕ್ಟ್ರಿಕಲ್ ಸೇಫ್ಟಿ ಫಸ್ಟ್ ಅನ್ನೋ ಚಾರಿಟಿ ಸಂಸ್ಥೆ "ಬೆಸ್ಟ್ ಪ್ರಾಕ್ಟೀಸ್ ಗೈಡ್ 4" ಅಂತ ಒಂದು ಕೈಪಿಡಿ ಪ್ರಕಟಿಸುತ್ತೆ. ಯಾವ ದೋಷಕ್ಕೆ ಯಾವ ಕೋಡು ಕೊಡಬೇಕು ಅನ್ನೋದಕ್ಕೆ ಅದು ಮಾರ್ಗದರ್ಶಿ. ಪುಕ್ಕಟೆ ಸಿಗುತ್ತೆ. ಅದು ಕಾನೂನಲ್ಲ, ಕೊನೆಯ ಮಾತು ಸ್ಥಳ ನೋಡಿದ ಇನ್‌ಸ್ಪೆಕ್ಟರದ್ದೇ. ಆದರೆ ಇಡೀ ದೇಶದ ಎಲೆಕ್ಟ್ರಿಷಿಯನ್ನರು ಆಧಾರವಾಗಿ ಹಿಡಿಯೋದು ಅದನ್ನೇ. ಅದರ ಪ್ರಕಾರ ಈ ಮೂರೂ ಸಿ3 ಸಾಲಿಗೆ ಬರುವಂಥವು: ಪ್ಲಾಸ್ಟಿಕ್ ಬೋರ್ಡು ಮೆಟ್ಟಿಲ ಕೆಳಗಿದ್ದರೂ ಕಾದ ಗುರುತಿಲ್ಲದಿದ್ದರೆ, 6ರ ಬಾಂಡಿಂಗ್ ವೈರು ಸುಟ್ಟ ಗುರುತಿಲ್ಲದಿದ್ದರೆ, ಆರ್‌ಸಿಡಿ ಇಲ್ಲದ ಸಾಕೆಟ್ಟು ಮನೆಯ ಹೊರಗೆ ಬಳಸುವ ಸಾಧ್ಯತೆ ಇಲ್ಲದಿದ್ದರೆ. ಎಲ್ಲದಕ್ಕೂ ಒಂದು "ದಿದ್ದರೆ" ಇದೆ ಗಮನಿಸಿ. ಆ "ದಿದ್ದರೆ"ಗೆ ಉತ್ತರ ರಿಪೋರ್ಟಿನಲ್ಲಿ ಇರಬೇಕಿತ್ತು. ಇರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ.

ಅಪ್ಪನಿಗೆ ಇದೆಲ್ಲ ಹೇಳಿ ಮುಗಿಸಿದಾಗ ಅವರು ಕೇಳಿದ್ದು ಬೇರೆಯೇ. "ಅವನು ಏನೇನು ಬಿಚ್ಚಿ ನೋಡಿದ? ಅದನ್ನ ಬರೆದಿದಾನಾ?"

ಬರೆದಿದ್ದ. ಎರಡನೇ ಪುಟದಲ್ಲಿ "ಮಿತಿಗಳು" ಅಂತ ಒಂದು ಪುಟ್ಟ ಡಬ್ಬಿ: ಸಾಕೆಟ್ಟು, ಸ್ವಿಚ್ಚುಗಳಲ್ಲಿ ಶೇ. 10ರಷ್ಟನ್ನು ಮಾತ್ರ ಬಿಚ್ಚಿ ಪರೀಕ್ಷಿಸಲಾಗಿದೆ. ಇದು ತಪ್ಪೇನಲ್ಲ. ಮನೆಯ ಒಂದೊಂದು ಸ್ವಿಚ್ಚನ್ನೂ ಬಿಚ್ಚಿದರೆ ಎರಡು ದಿನ ಬೇಕು, ಹಾಗಾಗಿ ಮೊದಲೇ ಒಪ್ಪಿಕೊಂಡು ಸ್ಯಾಂಪಲ್ ನೋಡ್ತಾರೆ.

"ಯಾವ ಹತ್ತು?" ಅಂದರು ಅಪ್ಪ.

ನಾನು ಎರಡು ಕೆಲಸ ಮಾಡಿದೆ. ಒಂದು, ಕಂಪನಿಗೆ ಮೇಲ್. ಕೋಪ ಇಲ್ಲ, ಕಾನೂನಿನ ಬೆದರಿಕೆ ಇಲ್ಲ, ಬರೀ ಪ್ರಶ್ನೆ. ಪ್ರತಿ ಸಿ2ಗೂ ನಿಯಮದ ಯಾವ ಕಲಮು? ಇನ್ನೊಂದು ಏನು ಕೆಟ್ಟರೆ, ಯಾರಿಗೆ, ಯಾವ ಅಪಾಯ? ಅದಕ್ಕೆ ಆಧಾರವಾದ ಅಳತೆ ಅಥವಾ ಫೋಟೋ ಯಾವುದು? 2020ರಲ್ಲಿ ಸಿ3 ಆಗಿದ್ದದ್ದು ಈಗ ಸಿ2 ಆಗುವಂಥದ್ದು ಸ್ಥಳದಲ್ಲಿ ಏನು ಬದಲಾಗಿದೆ? ಆಕೆಗೂ ಏಜೆಂಟಿಗೂ ಕಾಪಿ.

ಇನ್ನೊಂದು, ಆಕೆಗೆ ಫೋನ್. ಅವತ್ತು ಇನ್‌ಸ್ಪೆಕ್ಟರ್ ಬಂದಾಗ ಆಕೆ ಮನೆಯಲ್ಲೇ ಇದ್ದಳು. ಏನೇನು ಬಿಚ್ಚಿದ್ರು ಅಂತ ಕೇಳಿದೆ.

"ಹಾಲಿದ್ದು ಎರಡು ಸಾಕೆಟ್ ತೆಗ್ದರು. ಅಡಿಗೆ ಕೋಣೆಯದ್ದು ಒಂದು. ಮೇಲೆ ಬೆಡ್‌ರೂಮಲ್ಲಿ ಒಂದು. ಬಾತ್‌ರೂಮಿಂದು ಎಂತ ಬಿಚ್ಚಲಿಲ್ಲ."

"ಮನೆಯಲ್ಲಿ ಎಲ್ಲಾದ್ರೂ ಏನಾದ್ರೂ ಬಿಸಿ ಆಗೋದು, ಸದ್ದು ಮಾಡೋದು, ಲೈಟ್ ಮಿಣಮಿಣ ಅನ್ನೋದು ಇದೆಯಾ?"

ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗೆ ಎಂತ ಇಲ್ಲ ಅಕ್ಕ. ಶವರಿನ ಆ ಹಗ್ಗ ಎಳೆಯುವ ಸ್ವಿಚ್ಚು ಉಂಟಲ್ಲ, ಮೇಲೆ ಸೀಲಿಂಗಲ್ಲಿ, ಅಲ್ಲಿ ಒಮ್ಮೊಮ್ಮೆ ಮೀನಿನ ವಾಸನೆ ಬರ್ತದೆ. ನಾವು ಮೀನು ಮಾಡುವವರಲ್ವಾ, ಅಡಿಗೆದ್ದೇ ಇರ್ಬೇಕು ಅಂತ ಇದ್ದೆ. ಆದ್ರೆ ಮೊನ್ನೆ ಶುಕ್ರವಾರ ಎಂತ ಮೀನು ಮಾಡಿರ್ಲಿಲ್ಲ, ಆದ್ರೂ ಬಂತು ಮಾರಾಯ್ತಿ."

ಬಿಸಿಯಾದ ಎಲೆಕ್ಟ್ರಿಕಲ್ ಪ್ಲಾಸ್ಟಿಕ್ಕಿನಿಂದ ಮೀನಿನಂಥ ವಾಸನೆ ಬರುತ್ತೆ. ಈ ದೇಶದಲ್ಲಿ ವಿದ್ಯುತ್ ಸುರಕ್ಷತೆಯ ಸಲಹೆಗಳಲ್ಲಿ ಇದನ್ನ ಹೇಳ್ತಾನೇ ಇರ್ತಾರೆ. ಇಂಗ್ಲಿಷರ ಮನೆಯಲ್ಲಾದರೆ ಬೇಗ ಗೊತ್ತಾಗುತ್ತೇನೋ. ವಾರಕ್ಕೆ ಮೂರು ದಿನ ಬಂಗುಡೆ ಮಾಡುವ ಮನೆಯಲ್ಲಿ ಹೇಗೆ ಗೊತ್ತಾಗಬೇಕು? ಶವರ್ ಬಳಸಬೇಡ, ಬೋರ್ಡಿನಲ್ಲಿ ಅದರ ಎಂಸಿಬಿ ಇಳಿಸು ಅಂದೆ. ಇಳಿಸಿ, ಫೋಟೋ ಕಳಿಸಿದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನವೇ ಬೇರೊಬ್ಬ ಇನ್‌ಸ್ಪೆಕ್ಟರನ್ನು ಹುಡುಕಿದೆ. ಮೂರು ವಿಷಯ ಕೇಳಿಕೊಂಡೆ. ಒಂದು, ಎನ್‌ಐಸಿಇಐಸಿ ಅಥವಾ ನಾಪಿಟ್‌ನಂಥ ಸಂಸ್ಥೆಯಲ್ಲಿ ನೋಂದಣಿ, ಅದರಲ್ಲೂ ಇನ್‌ಸ್ಪೆಕ್ಷನ್ ಮಾಡುವ ಅರ್ಹತೆ ಇದೆಯಾ ಅಂತ. ಎರಡು, ಫೀಸು ಬರೀ ಪರೀಕ್ಷೆಗೆ, ರಿಪೇರಿ ನಿಮಗೇ ಕೊಡ್ತೀನಿ ಅಂತ ಮಾತಿಲ್ಲ ಅಂತ. ಮೂರು, ಬಾತ್‌ರೂಮಿನ ಸ್ವಿಚ್ಚು ಮತ್ತು ಬೋರ್ಡು ಬಿಚ್ಚಿ ಫೋಟೋ ತೆಗೆಯಲೇಬೇಕು ಅಂತ. ಮೊದಲ ರಿಪೋರ್ಟನ್ನೂ ಆತನಿಗೆ ಕಳಿಸಿದೆ. ಮುಚ್ಚಿಡೋದಕ್ಕೆ ಏನೂ ಇರಲಿಲ್ಲ. ಫೀಸು 180 ಪೌಂಡ್.

ಅರವತ್ತರ ಹತ್ತಿರದ ಮನುಷ್ಯ. ಸ್ವಿಚ್ಚಿನ ಮುಚ್ಚಳ ಬಿಚ್ಚಿದ ಕೂಡಲೇ ನನಗೆ ವಿಡಿಯೋ ಕಾಲ್ ಮಾಡಿ ಮೊಬೈಲ್ ಮೇಲಕ್ಕೆ ಹಿಡಿದ. ಒಳಗೆ ಒಂದು ಟರ್ಮಿನಲ್ ಸುತ್ತ ಬಿಳೀ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿ ಕುಸಿದಿತ್ತು. ತಂತಿಯ ಹೊದಿಕೆ ಒಂದು ಇಂಚಿನಷ್ಟು ಹಪ್ಪಳದ ಹಾಗೆ ಗರಿಗರಿ ಆಗಿತ್ತು. ಮಗು ಸ್ನಾನ ಮಾಡುವ ಜಾಗದ ನೇರ ಮೇಲೆ.

ಲೆಕ್ಕ ಸರಳ. ಶವರ್ 8.5 ಕಿಲೋವ್ಯಾಟಿನದ್ದು. 230 ವೋಲ್ಟಿನಲ್ಲಿ 37 ಆಂಪಿಯರ್ ಎಳೆಯುತ್ತೆ. ನಮ್ಮೂರಿನ ಮಾಮೂಲಿ 2 ಕಿಲೋವ್ಯಾಟಿನ ಗೀಸರ್ ನಾಲ್ಕು ಒಟ್ಟಿಗೆ ಹಾಕಿದ ಹಾಗೆ. ಅಷ್ಟು ಕರೆಂಟು ಸ್ವಲ್ಪ ಸಡಿಲಾದ ಒಂದು ಸ್ಕ್ರೂ ಮೂಲಕ ಹರಿದರೆ ಅಲ್ಲಿ ಬಿಸಿ ಹುಟ್ಟುತ್ತೆ. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಸ್ಕ್ರೂ ಇನ್ನಷ್ಟು ಸಡಿಲ ಆಗುತ್ತೆ. ಎಂಸಿಬಿಗೆ ಇದು ಗೊತ್ತಾಗಲ್ಲ, ಅದು ನೋಡೋದು ಕರೆಂಟು ಜಾಸ್ತಿ ಆಯ್ತಾ ಅಂತ. ಆರ್‌ಸಿಡಿಗೂ ಗೊತ್ತಾಗಲ್ಲ, ಅದು ನೋಡೋದು ಅರ್ಥಿಗೆ ಸೋರ್ತಿದೆಯಾ ಅಂತ. ಇಲ್ಲಿ ಎರಡೂ ಇಲ್ಲ. ಕರೆಂಟು ಸರಿಯಾದ ದಾರಿಯಲ್ಲೇ ಹೋಗ್ತಿದೆ, ದಾರಿ ಮಾತ್ರ ಸುಡ್ತಿದೆ.

ಅಂದರೆ ಆ 1,640 ಪೌಂಡ್ ಕೊಟ್ಟಿದ್ದರೆ? ಮೆಟ್ಟಿಲ ಕೆಳಗೆ ಹೊಳೆಯುವ ಉಕ್ಕಿನ ಬೋರ್ಡು ಬರ್ತಿತ್ತು. ದಪ್ಪನೆಯ ಅರ್ಥ್ ವೈರು ಬರ್ತಿತ್ತು. ಕೈಗೆ ಸ್ಯಾಟಿಸ್‌ಫ್ಯಾಕ್ಟರಿ ಅಂತ ಕಾಗದ ಬರ್ತಿತ್ತು. ಸೀಲಿಂಗಿನ ಸ್ವಿಚ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ. ಆಕೆಯೂ, ನಾನೂ ನಿಶ್ಚಿಂತೆಯಿಂದ ಇರ್ತಿದ್ದೆವು, ವಾಸನೆಯನ್ನು ಬಂಗುಡೆಯ ಲೆಕ್ಕಕ್ಕೆ ಹಾಕಿಕೊಂಡು.

ಎರಡನೇ ಇನ್‌ಸ್ಪೆಕ್ಟರ್ ಕೊಟ್ಟ ರಿಪೋರ್ಟೂ ಅನ್‌ಸ್ಯಾಟಿಸ್‌ಫ್ಯಾಕ್ಟರಿಯೇ. ನನ್ನ ಕಲೀಗ್ ಒಬ್ಬ ನಕ್ಕ: "ಇನ್ನೊಂದು ಸಲ ಫೇಲ್ ಆಗೋಕೆ 180 ಪೌಂಡ್ ಕೊಟ್ಯಾ?" ಹೌದು, ಕೊಟ್ಟೆ. ಈ ಫೇಲಿನಲ್ಲಿ ಒಂದೇ ಸಿ2: ಶವರ್ ಸ್ವಿಚ್ಚು ಕಾದು ಹಾಳಾಗಿದೆ, ಫೋಟೋ ಸಮೇತ. ಬೋರ್ಡಿಗೆ ಸಿ3: ಎಲ್ಲ ಟರ್ಮಿನಲ್ ಬಿಗಿ ನೋಡಿದೆ, ಕಾದ ಗುರುತಿಲ್ಲ. ಬಾಂಡಿಂಗಿಗೆ ಸಿ3. ಮೇಲಿನ ಸಾಕೆಟ್ಟುಗಳಿಗೆ ಸಿ3. ಸ್ವಿಚ್ಚನ್ನೂ ಕೇಬಲ್ಲಿನ ಸುಟ್ಟ ತುದಿಯನ್ನೂ ಆ ವಾರದಲ್ಲೇ ಬದಲಾಯಿಸಿ ಮೈನರ್ ವರ್ಕ್ಸ್ ಸರ್ಟಿಫಿಕೇಟ್ ಕೊಟ್ಟ, 110 ಪೌಂಡ್. ಮೇಲಿನ ಸಾಕೆಟ್ಟುಗಳದ್ದು ಬರೀ ಸಿ3, ಕಾನೂನು ಕೇಳಲ್ಲ. ಆದರೂ ಮಾಡಿಸಿದೆ. ಆ ಬೋರ್ಡಿಗೆ ಹೊಂದುವ ಆರ್‌ಸಿಬಿಒ ಸಿಕ್ಕಿತು, 70 ಪೌಂಡ್. ಮೂರು ವರ್ಷದ ಮಗು ಸಾಕೆಟ್ಟಿಗೆ ಏನು ತುರುಕುತ್ತೆ ಅಂತ ಬಿಎಸ್ 7671 ಬರೆದವರಿಗಿಂತ ಅದರ ಅಮ್ಮನಿಗೆ ಚೆನ್ನಾಗಿ ಗೊತ್ತಿರುತ್ತೆ. ಪ್ಲಾಸ್ಟಿಕ್ ಬೋರ್ಡು ಇನ್ನೂ ಅಲ್ಲೇ ಇದೆ, ಮುಂದೆ ಯಾವಾಗಲಾದರೂ ದೊಡ್ಡ ಕೆಲಸ ಮಾಡಿಸುವಾಗ ಬದಲಾಗುತ್ತೆ.

ಅಷ್ಟರಲ್ಲಿ ಮೊದಲ ಕಂಪನಿಯ ಉತ್ತರ ಬಂದಿತ್ತು. ಬಾಂಡಿಂಗ್ ಮತ್ತು ಸಾಕೆಟ್ಟು ಸಿ3ಗೆ ಇಳಿದಿದ್ದವು. ಬೋರ್ಡು ಮಾತ್ರ ಸಿ2, "ಕಂಪನಿಯ ಪಾಲಿಸಿ ಪ್ರಕಾರ" ಅಂತ. ನಿಯಮದ ಕಲಮು ಇಲ್ಲ. ಎರಡನೇ ರಿಪೋರ್ಟು, ಬೋರ್ಡಿನ ಒಳಗಿನ ಫೋಟೋ, ಶವರ್ ಸ್ವಿಚ್ಚಿನ ಫೋಟೋ ಮೂರನ್ನೂ ಕಳಿಸಿ, ಇದರ ಬಗ್ಗೆ ನಿಮ್ಮ ನೋಂದಣಿ ಸಂಸ್ಥೆಗೆ ಬರೆಯಬೇಕೋ ಅಥವಾ ನೀವೇ ಮತ್ತೊಮ್ಮೆ ನೋಡ್ತೀರೋ ಅಂತ ಕೇಳಿದೆ. ಎರಡು ದಿನದಲ್ಲಿ ಪರಿಷ್ಕೃತ ಪಿಡಿಎಫ್ ಬಂತು. ಒಂದು ಸಾಲಿನ ವಿವರಣೆಯೂ ಇಲ್ಲ. ಬೋರ್ಡು ಸಿ3. ಫಲಿತಾಂಶ: ಸ್ಯಾಟಿಸ್‌ಫ್ಯಾಕ್ಟರಿ. ಪರೀಕ್ಷೆಯ ದಿನಾಂಕ ಅದೇ ಹಳೇದು. ಅಂದರೆ ಸೀಲಿಂಗಿನ ಸ್ವಿಚ್ಚು ಕರಗುತ್ತಿದ್ದ ದಿನ ಆ ಮನೆ ಪಾಸಾಗಿತ್ತು ಅಂತ ಅವರ ಸಹಿ.

ಆ ಕಾಗದ ನಾನು ಬಳಸಲಿಲ್ಲ. ಏಜೆಂಟಿಗೂ ಆಕೆಗೂ ಕೊಟ್ಟದ್ದು ಎರಡನೆಯವನ ಫೇಲ್ ರಿಪೋರ್ಟು, ಅದರ ಜೊತೆ ರಿಪೇರಿಯ ಸರ್ಟಿಫಿಕೇಟು. ಮೊದಲನೇದೂ ಫೈಲಿನಲ್ಲಿದೆ, ಕೌನ್ಸಿಲ್ ಕೇಳಿದರೆ ಮೇಲ್‌ಗಳ ಸಮೇತ ಎಲ್ಲ ಕೊಡ್ತೀನಿ.

ಆ ಕಂಪನಿಯವರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಕಡಿಮೆ ಕೋಡು ಕೊಟ್ಟು ನಾಳೆ ಬೆಂಕಿ ಬಿದ್ದರೆ ಹೆಸರು ಅವನದ್ದು. ಜಾಸ್ತಿ ಕೋಡು ಕೊಟ್ಟರೆ ಅವನಿಗೆ ಕಳೆದುಕೊಳ್ಳೋದು ಏನೂ ಇಲ್ಲ, ಕೆಲಸ ಬೇರೆ ಸಿಗುತ್ತೆ. ಏಜೆಂಟರು ಅಗ್ಗದ ರೇಟಿಗೆ ಪರೀಕ್ಷೆ ಬೇಕು ಅಂತಾರೆ, ಅಷ್ಟು ದುಡ್ಡಿಗೆ ಮೂರು ಗಂಟೆ ಕೂತು ಸ್ವಿಚ್ಚು ಬಿಚ್ಚೋಕೆ ಪುರುಸೊತ್ತಿರಲ್ಲ. ಬೋರ್ಡು ಪ್ಲಾಸ್ಟಿಕ್ ಅಂತ ಬಾಗಿಲಲ್ಲಿ ನಿಂತೇ ಹೇಳಬಹುದು. ಸ್ಕ್ರೂ ಸಡಿಲ ಅಂತ ಹೇಳೋಕೆ ಏಣಿ ಹತ್ತಬೇಕು. ರೋಗ ಹುಡುಕುವವನೂ ಔಷಧಿ ಮಾರುವವನೂ ಒಬ್ಬನೇ ಆದಾಗ ಮಾರೋಕೆ ಸುಲಭವಾದ ರೋಗವೇ ಮೊದಲು ಕಣ್ಣಿಗೆ ಬೀಳುತ್ತೆ. ಅಂದಹಾಗೆ, ಪರೀಕ್ಷೆ ಮಾಡಿದ ಕಂಪನಿಯೇ ರಿಪೇರಿ ಮಾಡಬೇಕು ಅಂತ ಆ ಕಾನೂನಿನಲ್ಲಿ ಎಲ್ಲೂ ಇಲ್ಲ. ಅರ್ಹರಾದ ಯಾರಿಂದಲಾದರೂ ಮಾಡಿಸಿ ಲಿಖಿತ ದೃಢೀಕರಣ ತಗೊಂಡು, ಕೆಲಸ ಮುಗಿದ 28 ದಿನದೊಳಗೆ ಬಾಡಿಗೆದಾರರಿಗೂ ಕೌನ್ಸಿಲ್‌ಗೂ ಕೊಟ್ಟರೆ ಆಯ್ತು. ನಾನೂ ಹಾಗೇ ಕೊಟ್ಟೆ.

ಇದನ್ನ ಓದುವ ಹೆಚ್ಚಿನವರು ಮನೆ ಬಾಡಿಗೆಗೆ ಕೊಟ್ಟವರಲ್ಲ, ತಗೊಂಡವರು ಅಂತ ನನಗೆ ಗೊತ್ತು. ನಿಮಗೆ ಇಐಸಿಆರ್ ಬೇಡ. ಈ ಶನಿವಾರ ಎರಡು ನಿಮಿಷ ಕೊಡಿ. ಮನೆಯ ಡಿಬಿ ತೆಗೆದು ನೋಡಿ, ಟಿ ಅಂತ ಬರೆದ ಸಣ್ಣ ಬಟನ್ ಇರುವ ಆರ್‌ಸಿಸಿಬಿ ಇದೆಯಾ ಅಂತ. ಇದ್ದರೆ ಒತ್ತಿ. ಟಕ್ ಅಂತ ಬೀಳಬೇಕು. ಬೀಳದಿದ್ದರೆ, ಅಥವಾ ಅದೇ ಇಲ್ಲದಿದ್ದರೆ, ಓನರ್‌ಗೆ ಫೋನ್ ಮಾಡಿ. ಗೀಸರಿನ ಸ್ವಿಚ್ಚು ಅರ್ಧ ಗಂಟೆ ಓಡಿದ ಮೇಲೆ ಹಳದಿಯಾಗಿದೆಯಾ, ಬಿಸಿಯಾಗಿದೆಯಾ, ವಾಸನೆ ಬರುತ್ತಾ ನೋಡಿ, ಒದ್ದೆ ಕೈಯಲ್ಲಲ್ಲ. ಬಂದರೆ ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್‌ನ ಕರೆಸಿ. ಅವರು "ಎಲ್ಲಾ ಚೇಂಜ್ ಮಾಡ್ಬೇಕು ಸರ್" ಅಂದರೆ ಹೆದರಲೂ ಬೇಡಿ, ಜಗಳವೂ ಬೇಡ. ಏನು ಅಳೆದ್ರಿ, ಎಷ್ಟು ಬಂತು, ಎಷ್ಟಿರಬೇಕಿತ್ತು, ಬಿಚ್ಚಿ ತೋರಿಸ್ತೀರಾ ಅಂತ ಕೇಳಿ. ನಿಜವಾದ ದೋಷ ಕಂಡವರು ಸಂತೋಷವಾಗಿ ತೋರಿಸ್ತಾರೆ.

ಇನ್ನು ನಿಮ್ಮಲ್ಲಿ ಯಾರಾದರೂ ಓನರ್ ಆಗಿದ್ದರೆ, ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಆ ಮನೆಯಲ್ಲಿ ಇರುವವರಿಗೊಂದು ಫೋನ್ ಮಾಡಿ. ಎಲ್ಲಿ ಬಿಸಿ, ಎಲ್ಲಿ ಸದ್ದು, ಎಲ್ಲಿ ವಾಸನೆ ಅಂತ ಕೇಳಿ. ನಾನು ನೋಡಿದ ಎರಡೂ ರಿಪೋರ್ಟಿನ ಫಾರಂಗಳಲ್ಲಿ ಹತ್ತಾರು ಕಾಲಂಗಳಿದ್ದವು, ಆ ಪ್ರಶ್ನೆಗೆ ಮಾತ್ರ ಒಂದೂ ಇರಲಿಲ್ಲ.